ಮರ ಬಿಟ್ಟಷ್ಟು ದೂರ

“ಆ ಮೂಲೇಲಿ ಬೇಡ ತಮ್ಮಾ. ಗಿಡ ನೆಡೋ ಆಸೆ ಇದ್ರೆ ಕುಂಡದಲ್ಲಿ ನೆಡು, ಬಕೆಟ್ಟಲ್ಲಿ ನೆಡು. ಅಲ್ಲಿ ಮಾತ್ರ ಬೇಡ.”

ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಹೊಲಿಗೆಯಮ್ಮ ಹೀಗೆ ಹೇಳುವಷ್ಟರಲ್ಲಿ ಬಸ್ ಡ್ರೈವರ್ ಹಿತ್ತಿಲ ಮೂಲೆಯಲ್ಲಿ ಮೊಣಕಾಲುದ್ದದ ಗುಂಡಿ ತೋಡಿ ಆಗಿತ್ತು. ಮನೆ ಕೊಂಡು ವಾರವಾಗಿತ್ತಷ್ಟೆ. ಇಪ್ಪತ್ತು ವರ್ಷ ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿದವನು, ಸ್ವಂತ ನೆಲದಲ್ಲಿ ಒಂದು ಸೇಬಿನ ಮರ ಬೆಳೆಸುವ ಆಸೆಯಿಂದ ಎದೆಯೆತ್ತರದ ಕಸಿ ಗಿಡ ತಂದಿದ್ದ.

“ಯಾಕಮ್ಮ, ಅಲ್ಲೇನಾದ್ರೂ ನಿಧಿ ಹೂತಿಟ್ಟಿದ್ದೀರಾ?”

“ನಗಬೇಡ. ಈ ಮನೆ ಕಟ್ಟಿಸಿದಾಕೆಗೆ ಒಬ್ಬನೇ ಮಗ. ಮನೇಲಿ ಕಾಲು ನಿಲ್ತಿರಲಿಲ್ಲ. ಆಕೆ ಯಾರನ್ನೋ ಕರೆಸಿ ಆ ಮೂಲೆಗೆ ದಿಗ್ಬಂಧನ ಹಾಕಿಸಿದ್ಲು. ಅಲ್ಲಿ ಗಿಡ ನೆಟ್ಟವನನ್ನ ಗಿಡವೇ ಕಟ್ಟಿಹಾಕುತ್ತೆ. ಮಗನ ಕೈಲೇ ನೆಡಿಸಿದ್ಲು.”

“ಆಮೇಲೆ?”

“ಆಮೇಲೆ ಅವನು ಗೇಟು ದಾಟಿದ್ದು ನಾಲ್ಕು ಜನರ ಹೆಗಲ ಮೇಲೆ.”

ಡ್ರೈವರ್ ಗಹಗಹಿಸಿದ. ಹಿತ್ತಿಲ ಬಾಗಿಲಲ್ಲಿ ನಿಂತಿದ್ದ ಹೆಂಡತಿಯತ್ತ ತಿರುಗಿ, “ಕೇಳಿದ್ಯೇನೆ? ಮಾಟವೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ನಿನ್ನ ಕೈಲೇ ನನ್ನ ಕಟ್ಟಿಹಾಕೋಕೆ ಆಗಲಿಲ್ಲ, ಇನ್ನು ಈ ಕಡ್ಡಿ ಕೈಲಾಗುತ್ತಾ?” ಎಂದ. ಅವಳು ನಗಲಿಲ್ಲ.

ಇನ್ನೊಂದಿಷ್ಟು ಅಗೆದಾಗ ಹಾರೆ ಏನಕ್ಕೋ ತಗಲಿ ಕಿರ್ರೆಂದಿತು. ತುಕ್ಕು ಹಿಡಿದ ಮೊಳೆಗಳು ಚುಚ್ಚಿದ ಕೂದಲಿನ ಉಂಡೆ. ಸುಟ್ಟ ಕೂದಲಿನ ಕಮಟು, ಅದರ ಬೆನ್ನಿಗೇ ಕೊಳೆತ ಹಣ್ಣಿನ ಸಿಹಿ ನಾತ. ಎತ್ತಿ ಎಸೆಯುವಾಗ ಮೊಳೆಯೊಂದು ಅಂಗೈ ಗೀರಿತು. ಅವನು ಲೆಕ್ಕಿಸಲಿಲ್ಲ. ಕಸಿಯ ಗಂಟು ನೆಲದಿಂದ ನಾಲ್ಕು ಬೆರಳು ಮೇಲಿರುವಂತೆ ಗಿಡ ಇಳಿಸಿ, ಗೊಬ್ಬರ ತುಂಬಿ, ರಕ್ತ ಒಸರುವ ಕೈಯಿಂದಲೇ ಮಣ್ಣು ಅದುಮಿ, ಎರಡು ಕೊಡ ನೀರು ಹೊಯ್ದ. ನೆಲ ಗಟಗಟನೆ ಕುಡಿಯಿತು.

ಅಡುಗೆಮನೆಯಲ್ಲಿ ಊಟ ಮುಗಿಸಿ, ಹಗ್ಗದ ಮೇಲಿದ್ದ ಖಾಕಿ ತೊಟ್ಟು, ಎರಡು ಗಂಟೆಯ ಡ್ಯೂಟಿಗೆ ಹೊರಟ. ಅಡುಗೆಮನೆಯ ಹೊಸ್ತಿಲು ದಾಟಿ ನಡುಮನೆಗೆ ಕಾಲಿಟ್ಟ. ಬಾಯಿ ತುಂಬ ಹಸಿ ಮಣ್ಣು! ಬೆರಳು ಹಾಕಿ ನೋಡಿದರೆ ಏನೂ ಇಲ್ಲ. ಆದರೂ ಗಂಟಲಲ್ಲಿ ಒದ್ದೆ ಮಣ್ಣು ಇಳಿಯುತ್ತಲೇ ಇತ್ತು. ಉಸಿರು ನಿಂತಿತು. ಒಂದು ಹೆಜ್ಜೆ ಹಿಂದಿಟ್ಟ. ಉಸಿರು ಬಂತು. ಮತ್ತೆ ಮುಂದಿಟ್ಟ. ಮಣ್ಣು.

“ಏನಾಯ್ತು ರೀ?”

“ತಲೆ ಸುತ್ತು ಕಣೆ.”

ಇವತ್ತು ತಲೆಸುತ್ತು, ನಾಳೆ ನಿತ್ರಾಣ. ಮನೆಗೆ ಬಂದ ಡಾಕ್ಟರು ಎದೆಗೆ ಸ್ಟೆತಾಸ್ಕೋಪಿಟ್ಟು, ಇದು ಮನಸ್ಸಿನ ಭಯವೆಂದು ಮಾತ್ರೆ ಬರೆದರು. ಡಿಪೋದವರು ಆರು ತಿಂಗಳು ಕಾದು ಕೆಲಸದಿಂದ ತೆಗೆದರು. ಹಾಸಿಗೆ ಒಲೆಯ ಪಕ್ಕಕ್ಕೆ ಬಂತು. ಹೆಂಡತಿ ಹೊಲಿಗೆಯಮ್ಮನ ಬಳಿ ಅಂಗಿಗಳಿಗೆ ಗುಂಡಿ ಹಾಕುವ ಕೆಲಸಕ್ಕೆ ಸೇರಿದಳು. ಅವನು ಮಾತ್ರ ಮಾಟದ ಮಾತೆತ್ತಲಿಲ್ಲ. ಅವಳೆದುರು ಅಷ್ಟು ಅಬ್ಬರಿಸಿ ನಕ್ಕವನು ಈಗ ಯಾವ ಮುಖ ಹೊತ್ತು ಹೇಳಬೇಕು?

ಮೊದಲ ಚಳಿಗಾಲದಲ್ಲಿ, ನರ್ಸರಿಯವರು ಹೇಳಿದಂತೆ ಗಿಡದ ತುದಿಯನ್ನು ಒಂದು ಗೇಣು ಕತ್ತರಿಸಿದ. ಅಂದು ಹಾಸಿಗೆಯತ್ತ ಹೋದರೆ ಗಂಟಲಿಗೆ ಮಣ್ಣು. ಒಂದು ಹೆಜ್ಜೆ ಕಡಿಮೆಯಾಗಿತ್ತು. ಚಳಿ ಇಳಿದು ಹೊಸ ಚಿಗುರು ಗೇಣುದ್ದ ಬಂದ ದಿನ ಆ ಹೆಜ್ಜೆ ಮರಳಿ ಸಿಕ್ಕಿತು. ಗೇಣಿಗೆ ಒಂದು ಹೆಜ್ಜೆ. ಅಷ್ಟೇ ಕರಾರು.

ಅಂದಿನಿಂದ ಅವನು ಹೆತ್ತ ಮಗುವಿಗೂ ಮಾಡದಂಥ ಆರೈಕೆ ಮಾಡಿದ. ಬುಡಕ್ಕೆ ಒಣಹುಲ್ಲು ಹೊದೆಸಿದ. ಕಾಂಡ ಕೊರೆಯುವ ಹುಳವನ್ನು ತಂತಿ ತೂರಿಸಿ ಎಳೆದು ತೆಗೆದ. ಶಕ್ತಿಯೆಲ್ಲ ಹಣ್ಣಿಗೆ ಹೋದೀತೆಂದು, ನಸುಗೆಂಪು ಹೂಗಳನ್ನು ಅರಳುವ ಮೊದಲೇ ಚಿವುಟಿದ. ಬಿರುಗಾಳಿ ಎದ್ದರೆ ಕಾಂಡ ತಬ್ಬಿ ನಿಂತ. ಮೂರನೇ ವರ್ಷ ನಡುಮನೆ ದಕ್ಕಿತು. ಐದನೇ ವರ್ಷ ತಲೆಬಾಗಿಲು. ತನ್ನದೇ ಹಳೆಯ ಬಸ್ಸಿನ ಹಾರನ್ನು ಅಲ್ಲಿಂದ ಕೇಳುತ್ತ ಕೂರುತ್ತಿದ್ದ.

ಹೆಂಡತಿಗೆ ಕಂಡದ್ದು ಬೇರೆ. ತನ್ನ ಗಂಡ ಮರಕ್ಕೆ ಕೆನ್ನೆಯಿಟ್ಟು ಏನೋ ಪಿಸುಗುಡುತ್ತಾನೆ. ತನ್ನನ್ನು ನೋಡುವುದಿಲ್ಲ, ಮರವನ್ನು ನೋಡುತ್ತಾನೆ. ಒಂದು ದಿನ ಹೊಲಿಗೆಯಮ್ಮನೆದುರು ಅತ್ತೇಬಿಟ್ಟಳು.

“ಆ ಮರ ಇರೋವರೆಗೂ ಅವನನ್ನ ಬಿಡಲ್ಲ ಕಣಮ್ಮಾ,” ಎಂದಳು ಹೊಲಿಗೆಯಮ್ಮ.

ಏಳನೇ ವರ್ಷದ ಒಂದು ಬೆಳಗ್ಗೆ ಅವನ ಕೈ ಗೇಟಿನ ಚಿಲಕ ಮುಟ್ಟಿತು. ಕಬ್ಬಿಣ ತಣ್ಣಗಿತ್ತು. ಚಿಲಕ ಸರಿಸಿದ. ಉಸಿರು ಇತ್ತು. ಒಂದು ಕಾಲು ರಸ್ತೆಗಿಟ್ಟ. ಧೂಳು, ಡೀಸೆಲ್ ಹೊಗೆ. ಉಸಿರು ಇನ್ನೂ ಇತ್ತು! ಅವಳನ್ನು ಕೂಗಿ ಕರೆಯಬೇಕು, ಇವತ್ತು ಎಲ್ಲವನ್ನೂ ಹೇಳಿಬಿಡಬೇಕು ಎಂದು ತಿರುಗಿದ.

ಹಿತ್ತಿಲಿಂದ ಸದ್ದು ಬಂತು. ಕರ್ರ್. ಕರ್ರ್. ಗರಗಸ.

“ಬೇಡ ಕ—”

ಬಾಯಿಗೆ ಮಣ್ಣು ಬಿತ್ತು. ಹಿಂದೆ ಸರಿದ. ಅರ್ಧ ಉಸಿರು. ಕರ್ರ್. ಮತ್ತೆ ಮಣ್ಣು. ಓಡಿದ. ಅಂಗಳ. ತಲೆಬಾಗಿಲು. ಅವನು ಓಡಿದ್ದಕ್ಕಿಂತ ಬೇಗ ಉಸಿರು ಸಿಗುವ ನೆಲ ಹಿಂದೆ ಸರಿಯುತ್ತಿತ್ತು. ಕೂಗಲು ದನಿಯಿಲ್ಲ. ನಡುಮನೆ. ಕಣ್ಣಿಗೆ ಕತ್ತಲೆ ಕವಿಯಿತು. ಒಲೆ. ನೆಲಕ್ಕೆ ಬಿದ್ದ. ತೆವಳಿದ. ಹೊರಗೆ ಲಟಲಟನೆ ಏನೋ ಮುರಿಯಿತು. ನೆಲ ಅದುರಿತು.

ಕುರುಡನಂತೆ ತಡವಿ, ನೆಲದಲ್ಲುಳಿದ ಹಸಿ ಕೊರಡಿನ ಮೇಲೆ ಎದೆ ಊರಿದಾಗಷ್ಟೇ ಉಸಿರು ಬಂತು.

ಹೆಂಡತಿ ಕೂದಲ ತುಂಬ ಮರದ ಹೊಟ್ಟು ಹೊತ್ತು ನಿಂತಿದ್ದಳು. ಅಳುತ್ತಿದ್ದಳು, ನಗುತ್ತಲೂ ಇದ್ದಳು. “ಮುಗೀತು ರೀ. ಏಳಿ, ಇನ್ನು ಎಲ್ಲಿಗೆ ಬೇಕೋ ಹೋಗೋಣ.” ತೋಳು ಹಿಡಿದು ಎಳೆದಳು. ಅವನ ಮುಖ ನೀಲಿಗಟ್ಟಿತು. ಬೆಚ್ಚಿ ಕೈಬಿಟ್ಟಳು. ಅವನು ಕೊರಡಿಗೆ ಅಂಟಿಕೊಂಡು, ಏಳು ವರ್ಷ ನುಂಗಿದ್ದನ್ನು ಆಗ ಹೇಳಿದ.

ನಾಲ್ಕು ಬಿದಿರ ಗಳ ನೆಟ್ಟು ಮೇಲೆ ಟಾರ್ಪಾಲು ಕಟ್ಟಿದಳು. ದಿನಾ ಬೆಳಗ್ಗೆ ಎರಡು ಕೊಡ ನೀರು ತಂದಳು. ಒಂದು ಕೊರಡಿಗೆ, ಒಂದು ಅವನಿಗೆ. ಚಳಿಗಾಲವೆಲ್ಲ ಅವನು ಕೊರಡನ್ನು ತಬ್ಬಿಯೇ ಮಲಗಿದ. ಒಂದು ಬೆಳಗ್ಗೆ ತೊಗಟೆಯಂಚಿನಲ್ಲಿ ರಾಗಿಕಾಳಿನಷ್ಟು ಕೆಂಪು ಚಿಗುರು ಮೊಗ್ಗೆ ಕಂಡಿತು. ಇಬ್ಬರೂ ಬಗ್ಗಿದರು. ಅವನು ಕಿರುಬೆರಳನ್ನು ಮೆಲ್ಲಗೆ ಅವಳತ್ತ ಚಾಚಿದ.

ಬೆರಳು ಒಂದು ಕಾಳಿನಷ್ಟು ಮುಂದೆ ಸರಿಯಿತು. ಅಲ್ಲಿಗೆ ನಿಂತಿತು.

“ನೀರು ತಾ ಕಣೆ,” ಎಂದ.