ಕರೆದರೆ ಬಾರದ ಕಿಮ್ಯ

ಟೊಕ್, ಟೊಕ್, ಟೊಕ್.

ಮಕ್ಕಳ ಹಾಡು ನಡುವಿನಲ್ಲೇ ನಿಂತುಹೋಯಿತು. ಚರ್ಚಿನ ಬಾಗಿಲಲ್ಲಿ ಕೂತ ಕಿಮ್ಯ ಎಂಬ ನಾಯಿ ಕಿವಿ ಕೆರೆದುಕೊಳ್ಳುತ್ತಿತ್ತು. ಕೆರೆದಾಗಲೆಲ್ಲ ಕೊರಳಿನ ಮರದ ಗಂಟೆ ಸದ್ದು ಮಾಡುತ್ತಿತ್ತು.

ಹಾಡು ಕಲಿಸುವ ಟೀಚರ್ ಮಕ್ಕಳ ಸಾಲಿನಲ್ಲಿದ್ದ ಕವಿರಾಳನ್ನು ದುರುಗುಟ್ಟಿ ನೋಡಿದರು. ಅವಳು ಓಡಿಹೋಗಿ ಗಂಟೆಯೊಳಗೆ ಒಂದು ಹಿಡಿ ಎಲೆ ತುರುಕಿದಳು. ಬೇಟೆಗೆ ಹೋಗುವವರೂ ಬಲೆ ಕಟ್ಟಿ ಮುಗಿಯುವವರೆಗೆ ತಮ್ಮ ನಾಯಿಗಳ ಗಂಟೆಗೆ ಹಾಗೇ ಮಾಡುತ್ತಾರೆ. ಸದ್ದಡಗಿತು.

ಕಿಮ್ಯ ಅವಳದಲ್ಲ, ಗೆಳತಿ ಸಿಫಾಳದು. ಸಿಫಾ ಮಲೇರಿಯಾ ಬಂದು ಪೇಟೆಯ ಆಸ್ಪತ್ರೆ ಸೇರಿದ್ದಳು. ಹೋಗುವಾಗ ಬೈಕಿನ ಮೇಲಿಂದಲೇ, "ಕಿಮ್ಯನ್ನ ನೋಡ್ಕೋತೀಯ ತಾನೇ? ಬೇರೆ ಯಾರ್ನೂ ನಂಬಲ್ಲ ನಾನು" ಎಂದಿದ್ದಳು.

ಕವಿರಾ ತನ್ನ ಪಾಲಿನ ಒಣಮೀನನ್ನೂ ಅದಕ್ಕೇ ಹಾಕಿದಳು. ಆದರೆ ಆ ಪುಟ್ಟ ಕೆಂಪು ನಾಯಿಗೆ ಮಹಾ ಜಂಬ. ಮೀನು ತಿಂದು, ಬೆಕ್ಕಿನ ಹಾಗೆ ಕಾಲು ನೆಕ್ಕಿಕೊಂಡು, ಬೆನ್ನು ತಿರುಗಿಸಿ ಕೂತುಬಿಡುವುದು. ಕರೆದರೆ ಬರುವುದಿಲ್ಲ, ಎತ್ತಿಕೊಂಡರೆ ಜಾರಿಕೊಳ್ಳುವುದು. ಅವಳಿಗೆ ಅಳು ಬರುವಷ್ಟು ಬೇಜಾರು.

ಹಾಡು ಮುಗಿಸಿ ಕವಿರಾ ಹೊಳೆಯಲ್ಲಿ ನೆನೆಹಾಕಿದ್ದ ಮರಗೆಣಸು ತರಲು ಹೊರಟಳು. ಕಿಮ್ಯನೂ ಬಂತು. ದಾರಿಯಲ್ಲಿ ಹೆಗ್ಗಣವೊಂದು ಅಡ್ಡ ಓಡಿದ್ದೇ ತಡ, ಅದರ ಹಿಂದೆಯೇ ಕಾಡಿಗೆ ನುಗ್ಗಿತು.

ಗಂಟೆ ಯಾವ ಕಡೆ ಕೇಳುತ್ತದೋ ಎಂದು ಅವಳು ಕಿವಿಗೊಟ್ಟು ನಿಂತಳು. ಏನೂ ಕೇಳಲಿಲ್ಲ. ಎಲೆ ತೆಗೆಯುವುದನ್ನೇ ಮರೆತಿದ್ದಳು. ಆ ಕಡೆಯ ಊರುಗಳ ನಾಯಿಗಳು ಬೊಗಳುವ ಜಾತಿಯಲ್ಲ. ಅವು ಎಲ್ಲಿವೆ ಎಂದು ತಿಳಿಯಲು ಗಂಟೆಯೇ ಗತಿ. ಕಾಡಿನೊಳಗೆ ಚಿರತೆ ಬೇರೆ ಓಡಾಡುತ್ತದೆ. ಸಿಫಾಗೆ ಯಾವ ಮುಖ ತೋರಿಸುವುದು?

ಗಂಟಲು ಕಟ್ಟುವವರೆಗೆ ಕೂಗಿದಳು. ಹತ್ತಿರದಲ್ಲೇ ಜೇನು ಹುಡುಕುತ್ತಿದ್ದ ಸಿಫಾಳ ತಾತ ಆ ಕೂಗು ಕೇಳಿ ಬಂದರು. ಕವಿರಾ ನಡೆದದ್ದನ್ನೆಲ್ಲ ಹೇಳಿ ಅತ್ತಳು. ತಾತ ಬೈಯಲಿಲ್ಲ.

"ಹಿಂಗೆ ಅರಚಿದ್ರೆ ನಾನೂ ಬರಲ್ಲ ಮಗಾ" ಎಂದರು. "ನಿನ್ನ ಕೆಲ್ಸ ನೀನು ಮಾಡು. ಅದು ತನ್ನ ಕೆಲ್ಸ ಮುಗಿಸ್ಕೊಂಡು ಬರುತ್ತೆ. ಬರ್ದಿದ್ರೆ ನಾನೇ ಹೋಗ್ತೀನಿ."

ಕವಿರಾ ಹೊಳೆಯ ದಡದಲ್ಲಿ ಕೂತು ಗೆಣಸಿನ ಸಿಪ್ಪೆ ಸುಲಿಯತೊಡಗಿದಳು. ತಾತ ಪಕ್ಕದಲ್ಲೇ ಕಾದು ಕೂತರು. ಕಾಡಿನತ್ತ ನೋಡಬಾರದು ಎಂದುಕೊಂಡರೂ ಕಣ್ಣು ಅತ್ತಲೇ ಹೋಗುತ್ತಿತ್ತು. ಬುಟ್ಟಿ ಅರ್ಧ ತುಂಬುವಷ್ಟರಲ್ಲಿ ಪೊದೆ ಅಲುಗಿತು. ಮೂತಿಗೆಲ್ಲ ಮಣ್ಣು ಮೆತ್ತಿಕೊಂಡ ಕಿಮ್ಯ ಬಂದು, ಸ್ವಲ್ಪ ದೂರದಲ್ಲಿ ಬೆನ್ನು ತಿರುಗಿಸಿ ಕೂತಿತು. ತಬ್ಬಿಕೊಳ್ಳಬೇಕೆಂಬ ಆಸೆಯನ್ನು ತಡೆದುಕೊಂಡು, ಕವಿರಾ ಮೆಲ್ಲಗೆ ಗಂಟೆಯೊಳಗಿನ ಎಲೆಗಳನ್ನು ಕಿತ್ತಳು.

ಬುಟ್ಟಿ ತುಂಬಿಸಿ ತಲೆಗೇರಿಸಿಕೊಂಡು ಹೊರಟಳು. ತಾತನೂ ಜೇನಿನತ್ತ ಹೊರಟರು. ಕಿಮ್ಯ ಮುಂದೆ ಓಡಿ ದಾರಿಯ ತಿರುವಿನಲ್ಲಿ ಮರೆಯಾಯಿತು. ಗಂಟೆಯ ಸದ್ದು ಥಟ್ಟನೆ ನಿಂತಿತು. ಗಾಬರಿಯಿಂದ ಹೋಗಿ ನೋಡಿದರೆ, ಏನೂ ಆಗಿಲ್ಲವೆಂಬಂತೆ ಮರದ ತುದಿ ನೋಡುತ್ತ ನಿಂತಿದೆ. ಅವಳು ಬಂದದ್ದೇ ಮತ್ತೆ ಹೊರಟಿತು.

ನಿನ್ನೆ ಸ್ಕೂಲಿನ ದಾರಿಯಲ್ಲೂ ಹೀಗೇ ನಿಂತಿತ್ತು. ದಾರಿಗೆ ಅಡ್ಡ ನಿಲ್ಲುತ್ತೀಯ ಎಂದು ಅವಳೇ ಗದರಿದ್ದಳು.

ಮುಂದಿನ ತಿರುವು ಬಂದಾಗ ಕವಿರಾ ಬೇಕೆಂದೇ ನಡಿಗೆ ನಿಧಾನ ಮಾಡಿದಳು. ಆಚೆ ಗಂಟೆ ನಿಂತಿತು. ಅವಳು ಹೋಗಿ ಸೇರುವವರೆಗೂ ಅಲುಗಲಿಲ್ಲ.