ನಕ್ಷತ್ರಕ್ಕೆ ಕಬ್ಬಿಣ ಉಣಿಸಿದವನು

ಬಹಳ ಹಿಂದೆ ಹೊಂಬೆಳಗು ಎಂಬ ರಾಜ್ಯವಿತ್ತು. ಅಲ್ಲಿ ಸೂರ್ಯನ ಬದಲು ಬೆಟ್ಟದ ನೆತ್ತಿಯಲ್ಲಿ ಒಂದು ನಕ್ಷತ್ರ ಉರಿಯುತ್ತಿತ್ತು. ಅದರ ಭಾರ ಅದನ್ನು ಒಳಕ್ಕೆ ಎಳೆಯುತ್ತಿತ್ತು, ಅದರ ಉರಿ ಹೊರಕ್ಕೆ ತಳ್ಳುತ್ತಿತ್ತು. ಈ ಜಗ್ಗಾಟದಲ್ಲೇ ಅದು ಗುಂಡಗೆ ನಿಂತಿತ್ತು. ಉರಿ ಕಾಯುವವರು ಈರಬೊಮ್ಮ ಮತ್ತು ಅವನ ತಂಗಿ ದೇವೀರಿ. ಸೌದೆ, ಗಂಧ, ಕರ್ಪೂರ ಏನನ್ನಾದರೂ ಉಣಿಸಬಹುದು, ಕಬ್ಬಿಣ ಮಾತ್ರ ಕೂಡದು ಎಂಬುದು ಕಟ್ಟಳೆ. ಕಬ್ಬಿಣ ಉರಿ ಕೊಡದು, ಉರಿಯನ್ನೇ ನುಂಗುತ್ತದೆ.

ಈರಬೊಮ್ಮ ಶುದ್ಧ ಸೋಮಾರಿ. ಕಾಳಮಂಜನೆಂಬ ಮಾಂತ್ರಿಕ ಕಪ್ಪು ದಿಮ್ಮಿಯೊಂದನ್ನು ತಂದು, "ಇದೊಂದನ್ನು ಹಾಕು, ನೂರು ವರ್ಷ ಕಾಲು ಚಾಚಿ ಮಲಗು" ಎಂದ. ಮುಟ್ಟಿದರೆ ಕಬ್ಬಿಣದ ತಣುಪು. ಗೊತ್ತಿದ್ದೂ ಈರಬೊಮ್ಮ ಹಾಕಿದ.

ನಕ್ಷತ್ರ ತನ್ನೊಳಗೇ ಕುಸಿಯಿತು. ಬೆಟ್ಟದಷ್ಟಿದ್ದದ್ದು ಸಾಸಿವೆಯಷ್ಟಾಯಿತು, ಆಮೇಲೆ ಅದೂ ಕಾಣಲಿಲ್ಲ. ಒಳಹೋದ ಬೆಳಕೂ ಹಿಂದೆ ಬಾರದ ಕರಿಗುಂಡಿಯೊಂದು ಉಳಿಯಿತು. ಬಗ್ಗಿ ನೋಡಿದ ಕಾಳಮಂಜನೇ ಅದರ ಮೊದಲ ತುತ್ತು, ಮಾಡಿದ್ದುಣ್ಣೋ ಮಹರಾಯ! ಆದರೆ ಬೂದಿ ಬಾಚುತ್ತಿದ್ದ ದೇವೀರಿಯೂ ಗುಂಡಿಯ ಅಂಚಿನಲ್ಲಿ ಸಿಕ್ಕಿಕೊಂಡಳು. ಎತ್ತಿದ ಕೈ ಎತ್ತಿದಂತೆಯೇ ನಿಂತುಬಿಟ್ಟಳು.

ದೊರೆ ಓಡಿ ಬಂದ. "ಏನಾಯ್ತೋ ಬೊಮ್ಮ?"

"ನಕ್ಷತ್ರ ಮುನಿದದೆ ಬುದ್ಧೀ. ಕಾಣಿಕೆ ಕೊಟ್ಟರೆ ತಣ್ಣಗಾದೀತು."

ಮೊದಲ ವರ್ಷ ಜನ ಧಾನ್ಯ ಸುರಿದರು. ಗುಂಡಿ ಬಾವಿಯಷ್ಟಾಯಿತು, ದೇವೀರಿ ಮಸುಕಾದಳು. ಎರಡನೆಯ ವರ್ಷ ಒಡವೆ ಸುರಿದರು. ಗುಂಡಿ ಕೆರೆಯಷ್ಟಾಯಿತು, ದೇವೀರಿ ಇನ್ನೂ ಮಸುಕಾದಳು. ಈರಬೊಮ್ಮ ಕಂಡೂ ಬಾಯಿ ಬಿಡಲಿಲ್ಲ. ಮೂರನೆಯ ವರ್ಷ ಒಬ್ಬ ತಾಯಿ ತೊಟ್ಟಿಲು ಹೊತ್ತು ಬಂದಳು. ತೊಟ್ಟಿಲಲ್ಲಿ ಕೂಸಿತ್ತು.

"ಬೇಡವ್ವಾ!" ಈರಬೊಮ್ಮ ಅವಳ ಕಾಲಿಗೆ ಬಿದ್ದ. "ಮುನಿಸೂ ಇಲ್ಲ, ಮಣ್ಣೂ ಇಲ್ಲ. ಕಬ್ಬಿಣ ಅಂತ ಗೊತ್ತಿದ್ದೇ ಹಾಕಿದೆ. ತಿಂದಷ್ಟೂ ಬೆಳೀತದೆ ಅದು. ಇನ್ನೇನೂ ಕೊಡಬೇಡಿ."

ತಾಯಿ ಅವನ ಮುಖಕ್ಕೆ ಉಗಿದು ಕೂಸನ್ನು ಎದೆಗವಚಿಕೊಂಡಳು. ನಾಚಿಕೆಯಿಂದ ಅವನು ಮುಖ ಒರೆಸಿಕೊಳ್ಳಲೂ ಇಲ್ಲ. ದೊರೆ ಹೇಳಿದ: "ಇಲ್ಲೇ ಕಾವಲು ಕೂರು. ಒಂದು ಹುಲ್ಲುಕಡ್ಡಿಯೂ ಒಳಗೆ ಬೀಳಕೂಡದು."

ಐವತ್ತು ವರ್ಷ ಕೂತ. ಪಕ್ಕದ ನಾಡಿನ ನಕ್ಷತ್ರದ ಮಂದ ಬೆಳಕಲ್ಲಿ ಜನ ಹೇಗೋ ರಾಗಿ ಬೆಳೆದು ಬದುಕಿದರು. ಉಪವಾಸ ಬಿದ್ದ ಗುಂಡಿ ಆವಿಯಾಗುತ್ತಾ ಕರಗಿತು, ಕೆರೆ ಬಾವಿಯಾಯಿತು, ಬಾವಿ ಬೊಗಸೆಯಾಯಿತು, ಕೊನೆಗೆ ಫಳ್ಳೆಂದು ಒಡೆಯಿತು. ಆ ಕಿಡಿಯಿಂದ ಹೊಸ ನಕ್ಷತ್ರ ಹೊತ್ತಿಕೊಂಡಿತು. ಎತ್ತಿದ ಕೈ ಇಳಿಸುತ್ತಾ ದೇವೀರಿ ಈಚೆ ಬಂದಳು. ಅವಳ ಪಾಲಿಗೆ ಕಳೆದದ್ದು ಒಂದೇ ಗಳಿಗೆ.

"ಅಜ್ಜಾ, ನಮ್ಮಣ್ಣ ಎಲ್ಲಿ? ಉರಿ ಕುಸೀತಲ್ಲ, ಪಾಪ, ಎಲ್ಲಾರೂ ಅವನನ್ನೇ ಬೈತಾರೆ. ತಪ್ಪು ನಂದು ಅಂತ ಹೇಳಿಬಿಡ್ತೀನಿ."

"ನಾನೇ ಕಣೇ ನಿಮ್ಮಣ್ಣ," ಎಂದ ಈರಬೊಮ್ಮ. "ತಪ್ಪೂ ನನ್ನದೇ."

ಆಮೇಲೆ ಹೊಂಬೆಳಗಿನಲ್ಲಿ ಎಲ್ಲರೂ ಉಂಡುಟ್ಟು ಸುಖವಾಗಿದ್ದರು. ಈರಬೊಮ್ಮನೂ ಸುಖವಾಗಿಯೇ ಇದ್ದ. ತಂಗಿ ಮುದ್ದೆ ಬಡಿಸುವಾಗ ಮಾತ್ರ ತಲೆ ಎತ್ತುತ್ತಿರಲಿಲ್ಲ.