ಕಡುನೀಲಿ ಬಟ್ಟೆ, ದುಬಾರಿ ಫೋನು

"ಇದು ಯಾವ ಬಣ್ಣ?"

ಎಸಿನಾಮ್ ಗಾಜಿನ ಕೌಂಟರಿನ ಮೇಲೆ ಬಟ್ಟೆಯ ತುಂಡೊಂದನ್ನು ಹರಡಿ ಕೇಳಿದಳು. ಫೋನ್ ಅಂಗಡಿಗೆ ಬಂದವರು ಬೆಲೆ ಕೇಳುತ್ತಾರೆ, ಇಲ್ಲವೆ ಚಾರ್ಜರ್ ಕೇಳುತ್ತಾರೆ. ಅಂಗಡಿಯ ಸೆನ್ಯೊ ಅವಳ ಮುಖ ನೋಡಿದ, ಬಟ್ಟೆ ನೋಡಿದ, ಮತ್ತೆ ಮುಖ ನೋಡಿದ. ಎರಡನೆಯ ಸಲ ನೋಡುವ ಅಗತ್ಯವೇನೂ ಇರಲಿಲ್ಲ.

"ನೀಲಿ, ಮೇಡಂ."

"ಯಾವ ನೀಲಿ?"

"ನೀಲಿ ನೀಲಿ."

"ಯೂನಿಫಾರ್ಮ್ ನೀಲಿನಾ? ಸಮುದ್ರದ ನೀಲಿನಾ? ಕಪ್ಪಿಗೆ ಹತ್ತಿರದ ನೀಲಿನಾ?"

ಅವನು ಬಟ್ಟೆಯ ಅಂಚು ಹಿಡಿದು ಎತ್ತಿದ. "ಬಾಗಿಲ ಹತ್ರ ಬನ್ನಿ. ಈ ಟ್ಯೂಬ್‌ಲೈಟ್ ಕೆಳಗೆ ನಿಂತು ಹೇಳಿದ್ರೆ ಸುಳ್ಳು ಹೇಳ್ಬಿಡ್ತೀನಿ."

ಅವಳು ಆ ಅಂಗಡಿಯಲ್ಲಿ ಉಳಿದದ್ದು ಆ ಒಂದು ಮಾತಿಗಾಗಿ. ಅಕ್ರಾ ನಗರದ ಸರ್ಕಲ್ ಎಂಬ ಪೇಟೆಯಲ್ಲಿ ಫೋನ್ ಮಾರುವವರು ನೂರಾರು ಜನ. ತನ್ನ ಅಂಗಡಿಯ ಬೆಳಕನ್ನು ತಾನೇ ನಂಬದವನನ್ನು ಅವಳು ಅಲ್ಲಿ ಕಂಡದ್ದು ಇದೇ ಮೊದಲು.

ಹೊರಗೆ ಮರುಭೂಮಿಯಿಂದ ಬೀಸುವ ಹರ್ಮಟಾನ್ ಗಾಳಿಯ ಧೂಳು. ಸೂರ್ಯ ಹಾಲು ಬೆರೆಸಿದ ಚಹಾದಂತೆ ಮಂಕಾಗಿದ್ದ. ಟ್ರೋಟ್ರೋ ವ್ಯಾನುಗಳ ಬಾಗಿಲಲ್ಲಿ ಜೋತುಬಿದ್ದವರು "ಸರ್ಕ್! ಸರ್ಕ್!" ಎಂದು ಕೂಗುತ್ತಿದ್ದರು. ಸೆನ್ಯೊ ಬಟ್ಟೆಯನ್ನು ಎತ್ತಿ ಹಿಡಿದು, ತಲೆ ವಾಲಿಸಿ, ಬಹಳ ಹೊತ್ತು ನೋಡಿದ.

"ಕಪ್ಪಿಗೆ ಹತ್ತಿರದ ನೀಲಿ," ಎಂದ. "ಮೇಲೆ ಬಿಳಿ ಹಕ್ಕಿ. ಒಂದು ಹಕ್ಕಿಗೆ ಕಣ್ಣಿಲ್ಲ."

"ಅದು ಅಚ್ಚಿನ ತಪ್ಪು."

"ಪಾಪ."

ಎಸಿನಾಮ್‌ಗೆ ನಗು ಬಂತು. ಅದನ್ನು ತಡೆದುಕೊಂಡು, "ನಿಮ್ಮಲ್ಲಿರೋ ಅತಿ ದುಬಾರಿ ಆಂಡ್ರಾಯ್ಡ್ ಫೋನು ಈ ನೀಲಿನ ಇದೇ ನೀಲಿಯಾಗಿ ತೋರಿಸತ್ತಾ? ಅಷ್ಟು ಹೇಳಿ. ಉಳಿದದ್ದೆಲ್ಲ ಬೇಡ," ಎಂದಳು.

ಅವಳು ಕಾಲೇಜಿನಲ್ಲಿ ಓದಿದ್ದು ರಸಾಯನಶಾಸ್ತ್ರ. ಈಗ ಮಾಕೊಲಾ ಮಾರುಕಟ್ಟೆಯಲ್ಲಿ ಡೆಲಾ ಚಿಕ್ಕಮ್ಮನ ಬಟ್ಟೆ ಮಳಿಗೆ ನೋಡಿಕೊಳ್ಳುತ್ತಿದ್ದಳು. ವಾಟ್ಸಾಪಿನಲ್ಲಿ ಫೋಟೊ ಕಳಿಸಿ ದೂರದೂರಿನವರಿಗೆ ಬಟ್ಟೆ ಮಾರುವ ಪದ್ಧತಿಯನ್ನು ಶುರು ಮಾಡಿದ್ದೂ ಅವಳೇ. ಅದು ಚೆನ್ನಾಗಿಯೇ ನಡೆದಿತ್ತು, ದೊಡ್ಡಪ್ಪನ ಮಗಳ ಮದುವೆಯವರೆಗೆ. ಮನೆಯವರೆಲ್ಲ ಒಂದೇ ಬಟ್ಟೆ ತೊಡಬೇಕಲ್ಲ. ಗಡಿಯಾಚೆಯ ಲೋಮೆಯ ನೆಂಟರು ಅವಳ ಫೋಟೊ ನೋಡಿಕೊಂಡು ತಮ್ಮೂರಿನಲ್ಲೇ "ಅದೇ ಕೆಂಪು" ಕೊಂಡು ಹೊಲಿಸಿಕೊಂಡು ಬಂದರು. ಅದು ಅದೇ ಕೆಂಪಾಗಿರಲಿಲ್ಲ. ಚರ್ಚಿನಲ್ಲಿ ಒಂದೇ ಮನೆಯವರು ಎರಡು ಪಂಗಡವಾಗಿ ಕುಳಿತಿದ್ದರು. "ಇನ್ನೊಂದ್ಸಲ ಹೀಗಾದ್ರೆ ನಿನ್ನ ವಾಟ್ಸಾಪ್ ಅಂಗಡಿ ಮುಚ್ಚಿಸ್ತೀನಿ," ಎಂದಿದ್ದಳು ಡೆಲಾ ಚಿಕ್ಕಮ್ಮ.

ಆ ಇನ್ನೊಂದು ಸಲ ಈಗ ಬಂದಿತ್ತು. ಕೇಟಾದಲ್ಲಿ ಅಜ್ಜಿ ತುಂಬು ವಯಸ್ಸಿನಲ್ಲಿ ತೀರಿಕೊಂಡಿದ್ದಳು. ಅಂಥ ಸಾವಿಗೆ ಶೋಕದ ಕೆಂಪಿಲ್ಲ, ಉಡುವುದು ನೀಲಿ ಬಿಳಿ. ಅಳುವುದಕ್ಕಿಂತ ಹಾಡುವುದೇ ಹೆಚ್ಚು. ದೂರದ ನೆಂಟರೆಲ್ಲ ಸೇರಲೆಂದು, ಅಲ್ಲಿನ ವಾಡಿಕೆಯಂತೆ, ಅಂತ್ಯಕ್ರಿಯೆಯನ್ನು ಕೆಲವು ವಾರ ಮುಂದಕ್ಕಿಟ್ಟಿದ್ದರು. ಚಿಕ್ಕಮ್ಮ ಹಕ್ಕಿ ಬಟ್ಟೆಯನ್ನು ಆರಿಸಿ, ಬೇರೆ ಯಾರಿಗೂ ಸಿಗದಿರಲೆಂದು ಅಕ್ರಾದಲ್ಲಿದ್ದ ಅಷ್ಟನ್ನೂ ತಾನೇ ಕೊಂಡಿದ್ದಳು. ಆದರೆ ಅದೇ ಹಕ್ಕಿ ಕಪ್ಪಿನ ಮೇಲೂ ಬಂದಿತ್ತು, ಗಾಢವಲ್ಲದ ನೀಲಿಯ ಮೇಲೂ ಬಂದಿತ್ತು. ತಮ್ಮೂರಲ್ಲೇ ಕೊಳ್ಳುವ ಲೋಮೆಯವರಿಗೆ ಸರಿಯಾದ ನೀಲಿಯನ್ನು ತೋರಿಸುವ ಕೆಲಸ ಎಸಿನಾಮ್‌ಳದು.

ಅವಳು ಸೆನ್ಯೊಗೆ ಹೇಳಿದ್ದು, "ಒಂದು ಆರ್ಡರ್ ಇದೆ," ಎಂದು ಮಾತ್ರ. ಅಜ್ಜಿಯ ವಿಷಯ ಹೇಳಿದರೆ ಅವನು ಮುಖ ಸಣ್ಣಗೆ ಮಾಡಿಕೊಂಡು ಹಕ್ಕಿಯ ಕಣ್ಣಿನ ಬಗ್ಗೆ ತಮಾಷೆ ಮಾಡುವುದನ್ನು ನಿಲ್ಲಿಸಿಬಿಟ್ಟಾನು ಅನ್ನಿಸಿತ್ತು.

ಸೆನ್ಯೊ ಒಳಗಿನಿಂದ ಫೋನೊಂದನ್ನು ತಂದ. ತೆಳ್ಳಗೆ, ಹೊಳೆಯುವ ಬೆನ್ನು, ಕಣ್ಣುಗಳಂತೆ ಕ್ಯಾಮೆರಾಗಳು. ಬೆಲೆ ಕೇಳಿ ಎಸಿನಾಮ್ ಹಿಂದಕ್ಕೆ ಒರಗಿದಳು. ಆ ದುಡ್ಡಿಗೆ ಮಳಿಗೆಯ ಅರ್ಧ ಕಪಾಟು ತುಂಬುವಷ್ಟು ಬಟ್ಟೆ ಬರುತ್ತಿತ್ತು.

"ಅಷ್ಟು ಕೊಡೋದಕ್ಕೆ ಯೋಗ್ಯವಾ ಇದು?"

"ಗೊತ್ತಿಲ್ಲ," ಎಂದ ಸೆನ್ಯೊ. "ನಿಮ್ಮ ನೀಲಿಗೆ ಯೋಗ್ಯವಾ ಅಂತ ನೋಡ್ಬೇಕು. ಇದು ಡೆಮೊ ಪೀಸು. ನಾಳೆ ಬೆಳಗ್ಗಿನ ಬೆಳಕಲ್ಲಿ ನೋಡೋಣ. ಬರ್ತೀರಾ?"

ಬಂದಳು. ಮರುದಿನವೂ ಬಂದಳು. ಆಮೇಲೆ ಅದೊಂದು ಅಭ್ಯಾಸವೇ ಆಯಿತು. ಮಳಿಗೆಯಲ್ಲಿ ಗಿರಾಕಿ ಕಡಿಮೆಯಿರುವ ಹೊತ್ತಿಗೆ ಅವಳು ಟ್ರೋಟ್ರೋ ಹತ್ತುವಳು. ಸೆನ್ಯೊ ಎಲೆಯಲ್ಲಿ ಕಟ್ಟಿದ ವಾಚೆ ಅನ್ನವನ್ನು ಇಬ್ಬರಿಗೂ ತರಿಸಿಟ್ಟಿರುವನು. ಅಂಗಡಿಯ ಜಗಲಿ, ಮೇಲ್ಸೇತುವೆಯ ನೆರಳು, ಧೂಳು ಮುಸುಕಿದ ಬಿಸಿಲು, ಬೀದಿದೀಪ ಹೊತ್ತಿಕೊಳ್ಳುವ ಸಂಜೆ, ಒಂದೊಂದು ದಿನ ಒಂದೊಂದು ಕಡೆ. ದುಬಾರಿ ಫೋನಿನಲ್ಲಿ ಒಂದು ಫೋಟೊ, ಅವಳ ಹಳೆಯ ಅಗ್ಗದ ಫೋನಿನಲ್ಲಿ ಒಂದು. ಎರಡನ್ನೂ ಬಟ್ಟೆಯ ಪಕ್ಕದಲ್ಲಿಟ್ಟು ಇಬ್ಬರೂ ಬಗ್ಗಿ ನೋಡುವರು. ಅವನ ತೋಳಿನಿಂದ ಇಸ್ತ್ರಿಯ ಬೆಚ್ಚನೆಯ ವಾಸನೆ ಬರುತ್ತಿತ್ತು.

"ಅಯ್ಯೋ, ಇದೇನು, ಹಬ್ಬದ ನೀಲಿ ಮಾಡ್ಬಿಟ್ಟಿದೆ!"

"ಸುಮ್ನೆ ಬಿಟ್ರೆ ಅಷ್ಟೇ. ಇದಕ್ಕೆ ಎಲ್ಲರನ್ನೂ ಖುಷಿಪಡಿಸೋ ಚಟ," ಎಂದ ಸೆನ್ಯೊ.

"ಅಂಗಡಿಯವ್ರ ಹಾಗೆ."

"ಅಂಗಡಿಯವ್ರು ಎಲ್ಲರನ್ನೂ ಖುಷಿಪಡಿಸಲ್ಲ ಡಾವಿ, ನಾನೇ ನೋಡಿದೀನಿ."

'ಮೇಡಂ' ಹೋಗಿ 'ಡಾವಿ' ಬಂದದ್ದನ್ನು, ಅಪರಿಚಿತೆ ಹೋಗಿ ಅಕ್ಕ ಬಂದದ್ದನ್ನು, ಎಸಿನಾಮ್ ಗಮನಿಸಿದಳು. ಅಕ್ಕನಾಗುವುದು ತನಗೆ ಇಷ್ಟವಿಲ್ಲವೆಂದೂ ಗಮನಿಸಿದಳು.

"ನಾನು ನಿಮಗಿಂತ ದೊಡ್ಡವಳಾ?"

"ಗೊತ್ತಿಲ್ಲ. ಬೈಯೋದು ನೋಡಿದ್ರೆ ಹಾಗನ್ಸತ್ತೆ."

"ಹೆಸರು ಹಿಡಿದು ಕರೀರಿ. ನನಗೊಂದು ಹೆಸರಿದೆ."

"ಎಸಿನಾಮ್," ಎಂದು ಅವನು ಹೇಳಿ ನೋಡಿದ, ಬಿಸಿ ಗಂಜಿಯ ಮೊದಲ ಗುಟುಕು ಕುಡಿಯುವವನ ಎಚ್ಚರದಲ್ಲಿ. ಅವಳು ಬಟ್ಟೆಯನ್ನು ಮಡಚತೊಡಗಿದಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದಳು.

ಫಲಿತಾಂಶ ಎರಡನೆಯ ವಾರದಲ್ಲೇ ಸ್ಪಷ್ಟವಾಗಿತ್ತು. ತನ್ನ ಪಾಡಿಗೆ ಬಿಟ್ಟರೆ ದುಬಾರಿ ಫೋನು ಬಣ್ಣವನ್ನು ಸಿಂಗರಿಸುತ್ತಿತ್ತು; ಕೈಯಾರೆ ಸರಿಪಡಿಸಿದರೆ ಕಡುನೀಲಿಯನ್ನು ಕಡುನೀಲಿಯಾಗಿಯೇ ಕೊಡುತ್ತಿತ್ತು. ಸಂಜೆಯ ಮಂಕಿನಲ್ಲಂತೂ ಅದಕ್ಕೆ ಸಾಟಿಯಿರಲಿಲ್ಲ. ಆದರೆ ಬೆಳಕಿರುವ ನೆರಳಲ್ಲಿ, ಪಕ್ಕದಲ್ಲೊಂದು ಬಿಳಿಯ ಹಾಳೆಯಿಟ್ಟು ಅದು ಬೆಳ್ಳಗೇ ಕಾಣುವಂತೆ ಹೊಂದಿಸಿಕೊಂಡರೆ, ಹಳೆಯ ಫೋನೂ ಹೆಚ್ಚುಕಡಿಮೆ ಅಲ್ಲಿಗೇ ಬರುತ್ತಿತ್ತು.

"ಯಾರಿಗೆ ಯೋಗ್ಯ ಹಾಗಾದ್ರೆ?" ಎಂದು ಅವಳು ಕೇಳಿದ್ದಳು.

"ಕತ್ತಲಾದ ಮೇಲೂ ಫೋಟೊ ತೆಗೆಯೋರಿಗೆ. ಒಂದೇ ಫೋನು ಬಹಳ ವರ್ಷ ಇಟ್ಕೊಳ್ಳೋರಿಗೆ. ಇದಕ್ಕೆ ಅಪ್‌ಡೇಟ್ ಬರ್ತಾನೇ ಇರತ್ತೆ. ಜೇಬಿಂದ ತೆಗೆದು ಮೇಜಿನ ಮೇಲಿಟ್ರೆ ಮಾವ ಎದ್ದು ನಿಲ್ಬೇಕು ಅನ್ನೋರಿಗೂ."

"ನಿಮಗೆ ಅಂಥ ಮಾವ ಇದಾರಾ?"

"ಯಾವ ಮಾವನೂ ಇಲ್ಲ," ಎಂದು ಅವನು ಅನ್ನದ ಎಲೆಯನ್ನು ಬಹಳ ಗಮನವಿಟ್ಟು ಮಡಚಿದ.

ಕೊನೆಗೆ ಅವಳು ಎರಡೂ ಫೋಟೊಗಳನ್ನು ಲೋಮೆಗೆ ಕಳಿಸಿದಳು. ಸೋದರಮಾವ "ಎರಡೂ ಕಪ್ಪು" ಎಂದ. ಅವನ ಪರದೆ ಒಡೆದು ವರ್ಷವಾಗಿತ್ತು. ದೊಡ್ಡಮ್ಮ "ಎರಡೂ ಹಸಿರು" ಎಂದಳು. ಕಣ್ಣಿಗೆ ತಂಪೆಂದು ಅವಳು ಪರದೆಗೆ ಹಳದಿ ಬೆಳಕು ಹಾಕಿಕೊಂಡಿರುತ್ತಿದ್ದಳು. ಎಸಿನಾಮ್ ಫೋನು ಕೆಳಗಿಟ್ಟು ನಕ್ಕಳು. ಇಷ್ಟು ಓದಿ ಪ್ರಯೋಗದ ಅರ್ಧಭಾಗವನ್ನೇ ಮರೆತಿದ್ದಳು. ಕ್ಯಾಮೆರಾ ಎಷ್ಟೇ ಸತ್ಯ ಹೇಳಲಿ, ನೋಡುವವನ ಪರದೆ ದಾಟಿಯೇ ಅದು ಕಣ್ಣು ಮುಟ್ಟಬೇಕು. ಲೋಮೆ ಬಸ್ಸಿನ ಡ್ರೈವರ್ ಕೈಯಲ್ಲಿ ಅಂಗೈಯಗಲದ ತುಂಡೊಂದನ್ನು ಕಳಿಸಿದಳು. ಮರುದಿನವೇ ಉತ್ತರ ಬಂತು: ಸಿಕ್ಕಿತು, ಇದೇ ನೀಲಿ, ಕೊಂಡೆವು.

"ನಾನು ಹುಡುಗಿಯಾಗಿದ್ದಾಗಿಂದ ಹೀಗೇ ಕಳಿಸ್ತಿದೀನಿ," ಎಂದಳು ಡೆಲಾ ಚಿಕ್ಕಮ್ಮ.

ಇಷ್ಟಾದ ಮೇಲೆ ಸರ್ಕಲ್‌ಗೆ ಹೋಗಲು ಕಾರಣವೇ ಇರಲಿಲ್ಲ. ಫೋನು ಬೇಡವೆಂದು ಹೇಳಿದರೆ ಮುಗಿಯಿತು, ಕೊಂಡರೂ ಮುಗಿಯಿತು. ಪ್ರಶ್ನೆ ಪ್ರಶ್ನೆಯಾಗಿಯೇ ಇದ್ದಷ್ಟು ದಿನ ಮಾತ್ರ ಆ ಜಗಲಿ, ಆ ಎಲೆಯ ಅನ್ನ, ಬಗ್ಗಿ ನೋಡುವಾಗ ಹತ್ತಿರ ಬರುವ ಆ ತೋಳು. ಎಸಿನಾಮ್ ಪ್ರಾಮಾಣಿಕಳು, ಉತ್ತರ ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವುದು ಅವಳ ಜಾಯಮಾನವಲ್ಲ. ಆದರೂ ಅವಳು ಹೋದಳು. "ಇನ್ನೂ ತೀರ್ಮಾನ ಆಗಿಲ್ಲ," ಎಂದಳು. ಒಂದಿಷ್ಟು ಗಜ ಹಕ್ಕಿ ಬಟ್ಟೆಯನ್ನು ಅವನ ಅಂಗಡಿಯಲ್ಲೇ ಬಿಟ್ಟು ಬಂದಳು. "ನೀವೂ ಬೇರೆಬೇರೆ ಬೆಳಕಲ್ಲಿ ತೆಗೆದು ನೋಡಿ."

ಅದಾಗಿ ಕೆಲವು ದಿನ ಮಳಿಗೆ ಬಿಡಲಾಗಲಿಲ್ಲ. ಶನಿವಾರ ಕೇಟಾದಲ್ಲಿ ಅಜ್ಜಿಯ ಅಂತ್ಯಕ್ರಿಯೆ. ಮನೆಯ ಹೆಂಗಸರೆಲ್ಲ ಹೊಲಿಗೆಯ ಕೊನೆಯ ಗಡಿಬಿಡಿಯಲ್ಲಿ ಬಂದು ಹೋಗುತ್ತಿದ್ದರು.

ಗುರುವಾರ ಬೆಳಗ್ಗೆ ಪಕ್ಕದ ಮಳಿಗೆಯಲ್ಲಿ ಗುಂಡಿ ಮಾರುವ ಅಜೆಲೆ ಸ್ಟೂಲಿನ ಮೇಲೆ ನಿಂತು ಕೂಗಿದಳು, "ಡೆಲಾ! ನಿಮ್ಮನೆ ಗಂಡಸು ಬರ್ತಿದಾನೆ ನೋಡೇ!"

"ಯಾರೇ ಅದು?"

"ನಂಗೇನು ಗೊತ್ತು? ಹಕ್ಕಿ ಹಾಕ್ಕೊಂಡಿದಾನೆ. ಉದ್ದಕ್ಕಿದಾನೆ. ನೋಡೋಕೂ ಚೆನ್ನಾಗಿದಾನೆ."

"ನಮ್ಮನೇಲಿ ಅಂಥವ್ರು ಯಾರೂ ಇಲ್ವಲ್ಲೇ!"

ಟೊಮೇಟೊ ಬುಟ್ಟಿಗಳ ನಡುವೆ ದಾರಿ ಮಾಡಿಕೊಂಡು ಸೆನ್ಯೊ ಬಂದ. ಮೈಮೇಲೆ ಹೊಸ ಶರ್ಟು. ಕಡುನೀಲಿಯ ಮೇಲೆ ಬಿಳಿ ಹಕ್ಕಿ, ಕಣ್ಣಿಲ್ಲದ ಹಕ್ಕಿ ಸರಿಯಾಗಿ ಜೇಬಿನ ಮೇಲೆ. ಕೈಯಲ್ಲಿ ಆ ಫೋನು. ಮುಖದಲ್ಲಿ ಹೊಸದೇನನ್ನೋ ಕಂಡುಹಿಡಿದವನ ಹಿಗ್ಗು.

"ಎಸಿನಾಮ್! ಮೇಜಿನ ಮೇಲಿನ ಬಟ್ಟೆ ಬೇರೆ, ಮೈಮೇಲಿನ ಬಟ್ಟೆ ಬೇರೆ. ಇದನ್ನ ನಾವು ಟೆಸ್ಟೇ ಮಾಡಿಲ್ಲ! ಹೊಲಿಸ್ಕೊಂಡೇ ಬಂದೆ."

ಸಾಲಿನಲ್ಲಿದ್ದ ಹೆಂಗಸರೆಲ್ಲ ಕತ್ತು ಚಾಚಿ ನೋಡಿದರು. ಆಮೇಲೆ ಅಜೆಲೆ ಕೇಕೆ ಹಾಕಿದಳು. ಮೀನು ಮಾರುವವರು ಚಪ್ಪಾಳೆ ತಟ್ಟಿದರು. "ಅಳಿಯ ಬಂದ! ಡೆಲಾ, ಕುರ್ಚಿ ಹಾಕೇ! ನಮಗೊಂದು ಮಾತೂ ಹೇಳ್ದೆ ಮುಗಿಸ್ಬಿಟ್ರಾ?"

ಡೆಲಾ ಚಿಕ್ಕಮ್ಮ ಕತ್ತರಿ ಕೆಳಗಿಟ್ಟಳು. "ಯಾರ ಮಗ ನೀನು?"

"ಪೆಕಿ ಊರಿನ ಕಡೆಯವನು, ಅಮ್ಮ. ಸೆನ್ಯೊ. ಸರ್ಕಲ್‌ನಲ್ಲಿ ಫೋನ್ ಅಂಗಡಿ..."

"ನಮ್ಮನೆ ಬಟ್ಟೆ ನಿನ್ನ ಮೈಮೇಲೆ ಹೇಗೆ ಬಂತು?"

ಸೆನ್ಯೊ ಎಸಿನಾಮ್‌ಳತ್ತ ನೋಡಿದ. "ಯಾರದೋ ಆರ್ಡರ್ ಅಂದಿದ್ರಿ."

"ನಮ್ಮಜ್ಜಿಗೆ," ಎಂದಳು ಅವಳು, ಮುಖವೆಲ್ಲ ಬಿಸಿಯಾಗಿ. "ಶನಿವಾರ. ಮನೆಯವ್ರು ಮಾತ್ರ ಹಾಕೋದು."

ಅವನ ಹಿಗ್ಗು ಇಳಿಯಿತು. ಮನೆಯವರ ಬಟ್ಟೆಯನ್ನು ಹೊರಗಿನವನು ಹಾಕಿಕೊಂಡು ಸಂತೆಯ ನಡುವೆ ಬಂದರೆ ಏನರ್ಥವೆಂದು ಅವನಿಗೆ ಹೇಳಿಕೊಡಬೇಕಿರಲಿಲ್ಲ. "ಅಯ್ಯೋ. ನಂಗೆ ಗೊತ್ತಿರಲಿಲ್ಲ. ಅಮ್ಮ, ತಪ್ಪಾಯ್ತು. ತೆಗೆದುಬಿಡ್ತೀನಿ." ಕೈ ಮೊದಲ ಗುಂಡಿಗೆ ಹೋಯಿತು.

"ಇಲ್ಲೇನಾ?" ಎಂದಳು ಅಜೆಲೆ. "ನಿಧಾನಕ್ಕೆ ತೆಗಿಯಪ್ಪ, ನಮಗೇನೂ ಅರ್ಜೆಂಟಿಲ್ಲ."

ನಗೆಯ ನಡುವೆ ಎಸಿನಾಮ್ ಅವನ ತೋಳು ಹಿಡಿದು ಪೇರಿಸಿಟ್ಟ ಬಟ್ಟೆಯ ಬೇಲುಗಳ ಹಿಂದಕ್ಕೆ ಎಳೆದುಕೊಂಡು ಹೋದಳು. ಅಲ್ಲಿ ಇಬ್ಬರು ನಿಲ್ಲುವಷ್ಟೇ ಜಾಗ. ಹೊಸ ಬಟ್ಟೆಯ ಗಂಜಿ ವಾಸನೆ.

"ನನಗೆ ಈ ಫೋನು ಬೇಡ," ಎಂದಳು. ಹೇಳಿದ ಮೇಲೆ ಎದೆ ಹಗುರಾಯಿತು, ಹೆದರಿಕೆಯೂ ಆಯಿತು. "ನನ್ನ ಕೆಲಸಕ್ಕೆ ಅದು ಅಷ್ಟು ಬಾಳಲ್ಲ. ನನಗಿದು ಬಹಳ ದಿನದಿಂದ ಗೊತ್ತು. ನಿಮ್ಮ ಹೊತ್ತು ಹಾಳು ಮಾಡಿದೆ. ಕ್ಷಮಿಸಿ."

"ನಂಗೂ ಗೊತ್ತಿತ್ತು."

"ಯಾವಾಗಿಂದ?"

"ಬಿಳೀ ಹಾಳೆ ಇಟ್ರಲ್ಲ, ಅವತ್ತಿಂದ."

"ಮತ್ತೆ ಸಂಜೆ ಬೆಳಕು, ಸೇತುವೆ ನೆರಳು, ಅದೆಲ್ಲ?"

"ನೀವು ಬೇಡ ಅಂದ್ರೆ ಮತ್ತೆ ಬರಲ್ಲ. ತಗೊಂಡ್ರೂ ಬರಲ್ಲ. ಅದಕ್ಕೆ ಹೊಸಹೊಸ ಟೆಸ್ಟ್ ಹುಡುಕ್ತಾ ಇದ್ದೆ." ಅವನು ಶರ್ಟಿನ ಅಂಚು ಎಳೆದುಕೊಂಡ. "ಇದು ಕೊನೇದು. ಇನ್ನೇನೂ ಹೊಳೀಲಿಲ್ಲ."

ತನ್ನ ತಲೆಯೊಳಗಿನ ಮಾತನ್ನೇ ಅವನ ಬಾಯಲ್ಲಿ ಕೇಳಿದಳು ಎಸಿನಾಮ್. ಅವಳು ಅವನನ್ನು ನೋಡಿದಳು. ಅವನು ಹೇಳಿದ್ದು ನಿಜ. ಮೈಮೇಲೆ ಆ ನೀಲಿ ಬೇರೆಯೇ ಆಗಿತ್ತು. ಅವನ ಕುತ್ತಿಗೆಯ ಕಪ್ಪಿನ ಪಕ್ಕದಲ್ಲಿ ಅದಕ್ಕೊಂದು ಆಳ ಬಂದಿತ್ತು.

"ನೀವು ಹೇಳಿ," ಎಂದ ಸೆನ್ಯೊ ಮೆಲ್ಲಗೆ. "ಇದನ್ನ ತೆಗೆದು ಕೊಟ್ಟು ಹೋಗ್ಲಾ? ಹೋಗು ಅಂದ್ರೆ ಯಾರಿಗೂ ಏನೂ ಹೇಳ್ದೆ ಹೋಗ್ತೀನಿ. ಇರು ಅಂದ್ರೆ, ಇದರ ಅರ್ಥ ಗೊತ್ತಿದ್ದೇ ಹಾಕ್ಕೊಂಡಿರ್ತೀನಿ."

ಅವಳು ಕೈ ಚಾಚಿ, ಅವನು ಬಿಚ್ಚಿದ್ದ ಮೊದಲ ಗುಂಡಿಯನ್ನು ಹಾಕಿದಳು. "ಇರು," ಎಂದಳು.

"ಎಲ್ಲಾ ಕೇಳಿಸ್ತಿದೆ," ಎಂದಿತು ಬೇಲುಗಳಾಚೆಯಿಂದ ಡೆಲಾ ಚಿಕ್ಕಮ್ಮನ ದನಿ. "ಶನಿವಾರ ಶರ್ಟು ಸಾಲಲ್ಲ ಕಣೋ. ನಮ್ಮಮ್ಮನ ಮುಂದೆ ನಿಲ್ಲೋ ಗಂಡಸು ಹೆಗಲ ಮೇಲಿಂದ ಪೂರ್ತಿ ಬಟ್ಟೆ ಹೊದ್ದಿರ್ಬೇಕು. ನಿಮ್ಮ ಮನೆಯವ್ರು ಹೆಣ್ಣು ಕೇಳೋಕೆ ನಮ್ಮ ಬಾಗಿಲು ತಟ್ಟೋದು ಆಮೇಲೆ ಮಾತಾಡೋಣ. ಎಸಿನಾಮ್, ಅವನ ಅಳತೆ ನೋಡಿ ಕತ್ತರಿಸು. ಉದ್ದಕ್ಕಿದಾನೆ, ಜಿಪುಣತನ ಮಾಡ್ಬೇಡ."

ಎಸಿನಾಮ್ ಬೇಲೊಂದರ ತುದಿ ಬಿಚ್ಚಿ ಅವನ ಎದುರು ನಿಂತಳು. "ಕೈ ಚಾಚು."

ಸೆನ್ಯೊ ಫೋನನ್ನು ಬೇಲಿನ ಮೇಲಿಟ್ಟು ಎರಡೂ ಕೈ ಚಾಚಿದ.

"ಅಳೆಯೋಕೆ ಒಂದೇ ಸಾಕು," ಎಂದಳು.

ಅವನು ಎರಡನ್ನೂ ಇಳಿಸಲಿಲ್ಲ.